ಸೂತಕಕ್ಕೆ ಸಿಗುವ ವಿನಾಯಿತಿ ನಂಬಿಕೆಗೆ ಯಾಕಿಲ್ಲ? ಹಬ್ಬ ಮಾಡದ ಮನೆಗಳ ಪ್ರಶ್ನೆ

ಹಾಸನದ ಲೇಖಕಿ ಬಾನು ಮುಷ್ತಾಕ್ 2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ಅದಕ್ಕೂ ಮುಂಚೆ ನಡೆದ ಜಟಾಪಟಿ ಓದುಗರಿಗೆ ನೆನಪಿರುತ್ತದೆ. ದೇವಿಯ ಪೂಜೆಯಿಂದ ಶುರುವಾಗುವ ಹಬ್ಬಕ್ಕೆ ದೇವಿಯನ್ನು ನಂಬದವರು ಚಾಲನೆ ಕೊಡುವುದು ಹೇಗೆ ಎಂದು ಒಂದು ಕಡೆಯವರು ಕೇಳಿದರು. ದಸರಾ ನಾಡಹಬ್ಬ, ಅದಕ್ಕೆ ಮತದ ಬೇಲಿ ಹಾಕಲಾಗದು ಎಂದು ಸರ್ಕಾರ ಹೇಳಿತು. ಕವಿ ಕೆ.ಎಸ್. ನಿಸಾರ್ ಅಹಮದ್ 2017ರಲ್ಲೇ ಉದ್ಘಾಟಿಸಿದ್ದನ್ನೂ ಹಲವರು ನೆನಪಿಸಿದರು. ಸೆಪ್ಟೆಂಬರ್ 15ರಂದು ಹೈಕೋರ್ಟ್ ತಕರಾರು ಅರ್ಜಿಗಳನ್ನು ವಜಾ ಮಾಡಿತು. 19ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನೂ ತಳ್ಳಿಹಾಕಿತು.

ಬೇರೆ ಧರ್ಮದವರು ಹಬ್ಬದೊಳಗೆ ಬರಬಹುದೇ ಎಂಬ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಗೊಂದಲ ಉಳಿದಿರುವುದು ಅದರ ಮಗ್ಗುಲಿನ ಪ್ರಶ್ನೆಯಲ್ಲಿ. ಹಬ್ಬ ಎಲ್ಲರದೂ ಆದಮೇಲೆ, ‘ನನಗೆ ಬೇಡ, ನನ್ನ ನಂಬಿಕೆ ಒಪ್ಪುವುದಿಲ್ಲ’ ಎನ್ನುವವರ ಗತಿ ಏನು? ‘ನಂಬದವರು ದೂರ ಇರಲಿ’ ಎಂದು ದಸರಾದಲ್ಲಿ ವಾದಿಸಿದವರಲ್ಲಿ ಹಲವರು, ಶಾಲೆಯ ಸರಸ್ವತಿ ಪೂಜೆಗೆ ಮಗು ಬಾರದಿದ್ದರೆ ‘ಇದು ನಮ್ಮ ಸಂಸ್ಕೃತಿ, ಬಂದರೆ ಏನು ಕಳೆದುಕೊಳ್ಳುತ್ತೀರಿ’ ಎನ್ನುತ್ತಾರೆ. ‘ಹಬ್ಬ ಎಲ್ಲರದು’ ಎಂದವರೂ ಸಲೀಸಾಗಿ ಪಾರಾಗುವುದಿಲ್ಲ. ಎಲ್ಲರದು ಎಂದಮೇಲೆ ಹೊರಗೆ ನಿಂತವನನ್ನು ಅವರೂ ಅನುಮಾನದಿಂದಲೇ ನೋಡುತ್ತಾರೆ.

ಹಬ್ಬ ಬೇಡ ಎನ್ನುವವರು ಯಾರು

ಈ ಮಾತು ಬಂದ ತಕ್ಷಣ ಮುಸ್ಲಿಮರು, ಕ್ರೈಸ್ತರು ಎಂಬ ಚಿತ್ರವಷ್ಟೇ ಕಣ್ಣಮುಂದೆ ಬರುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ವಾಸ್ತವ ಅದಕ್ಕಿಂತ ಗೋಜಲಾಗಿದೆ.

ಮೊದಲಿಗೆ ಕ್ರಿಸ್ಮಸ್ಸನ್ನೇ ತೆಗೆದುಕೊಳ್ಳಿ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಕ್ರೈಸ್ತರಾಗಿಯೂ ಕ್ರಿಸ್ಮಸ್ ಮಾಡುವುದಿಲ್ಲ, ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಯೇಸು ಹುಟ್ಟಿದ ದಿನವನ್ನು ಬೈಬಲ್ ಹೇಳಿಲ್ಲ, ಆಚರಿಸಿ ಎಂದೂ ಹೇಳಿಲ್ಲ ಎಂಬುದು ಅವರ ವಾದ. ಬ್ರದರನ್ ಸಭೆಗಳಲ್ಲೂ ಹಲವು ಡಿಸೆಂಬರ್ 25ನ್ನು ಬೇರೆ ದಿನಗಳಂತೆಯೇ ಕಳೆಯುತ್ತವೆ. ಇದೇನೂ ಈಚಿನ ಹಟವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವಿತ್ತು, ಅದನ್ನು ಹಾಕಿದವರು ಕಡು ಕ್ರೈಸ್ತರೇ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ಸಿಗೆ ಸಾರ್ವಜನಿಕ ರಜೆ ಬಂದದ್ದು 1958ರಲ್ಲಿ.

ಮುಸ್ಲಿಮರೊಳಗೂ ಹೀಗೆಯೇ. ಈದ್ ಮಿಲಾದ್ ಮೆರವಣಿಗೆಯನ್ನು ಒಂದು ಪಂಗಡ ಭಕ್ತಿಯಿಂದ ಮಾಡಿದರೆ, ಅದು ಪ್ರವಾದಿಯವರ ನಂತರ ಸೇರಿಸಿದ್ದು ಎಂದು ಇನ್ನೊಂದು ಪಂಗಡ ದೂರ ನಿಲ್ಲುತ್ತದೆ. ಮೊಹರಂ ಇನ್ನೂ ಸೋಜಿಗದ್ದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಎಂದು ಕರೆಸಿಕೊಳ್ಳುವ ಇದರಲ್ಲಿ ಹರಕೆ ಹೊತ್ತು ಕೊಂಡ ಹಾಯುವವರಲ್ಲಿ ಹಿಂದೂಗಳೇ ಮುಂದಿರುವ ಊರುಗಳಿವೆ. ಸುಧಾರಣಾವಾದಿ ಮುಸ್ಲಿಮರು ಅತ್ತ ತಲೆ ಹಾಕುವುದಿಲ್ಲ.

ಹಿಂದೂಗಳೆಂದು ಲೆಕ್ಕಕ್ಕೆ ಬರುವವರ ಕಡೆಗೆ ಬನ್ನಿ. ಇಷ್ಟಲಿಂಗವೊಂದೇ ಸಾಕು ಎನ್ನುವ ಬಸವತತ್ವದ ಕುಟುಂಬಗಳು ಗಣಪತಿ ಕೂರಿಸುವುದನ್ನು ಬಿಟ್ಟಿವೆ. ಚಿಕ್ಕಮಗಳೂರು ಜಿಲ್ಲೆಯ ಗಡಿಗೆ ಹತ್ತಿರವಿರುವ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 2023ರ ನವೆಂಬರಿನಲ್ಲಿ ಗಣಪತಿ ಪೂಜೆ ಲಿಂಗಾಯತರ ಸಂಸ್ಕೃತಿಯಲ್ಲ ಎಂದಾಗ ಎದ್ದ ಗದ್ದಲ ಸಣ್ಣದಾಗಿರಲಿಲ್ಲ. ಇನ್ನು ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಗೌರಿ, ಗಣಪತಿಯನ್ನು ಪೂಜಿಸುವುದಿಲ್ಲ ಎಂಬುದೂ ಒಂದು. ಅದನ್ನು ಅಕ್ಷರಶಃ ಪಾಲಿಸುವ ದಲಿತ ಕುಟುಂಬಗಳಿಗೆ ಬೀದಿಯ ಗಣಪತಿಗೆ ವಂತಿಗೆ ಕೊಡುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಶ್ರವಣಬೆಳಗೊಳದ ಜೈನರು ದೀಪಾವಳಿ ಮಾಡುತ್ತಾರೆ, ಆದರೆ ಅದು ಮಹಾವೀರರ ನಿರ್ವಾಣದ ದಿನವೆಂದು. ಪಟಾಕಿಯ ಹಿಂಸೆ ಅವರಲ್ಲಿ ಧರ್ಮನಿಷ್ಠರಿಗೆ ಒಗ್ಗದು.

‘ನಮಗೆ ಆಗಿಬರಲ್ಲ’

ಹೀಗೆ ಹಬ್ಬ ಬಿಟ್ಟವರೆಲ್ಲರೂ ಊರಿನವರ ಸಿಟ್ಟಿಗೆ ಗುರಿಯಾಗುವುದಿಲ್ಲ. ಹಬ್ಬ ಮಾಡದಿರುವುದಕ್ಕೆ ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಒಪ್ಪಿಗೆಯ ದಾರಿಗಳಿವೆ.

ಮನೆಯಲ್ಲಿ ಸಾವಾಗಿದ್ದರೆ ‘ಈ ವರ್ಷ ನಮಗೆ ಹಬ್ಬ ಇಲ್ಲ’ ಎಂದರೆ ಸಾಕು, ಯಾರೂ ಎರಡನೇ ಮಾತು ಆಡುವುದಿಲ್ಲ. ಯಾವುದೋ ತಲೆಮಾರಿನಲ್ಲಿ ಹಬ್ಬದ ದಿನ ಕೆಟ್ಟದ್ದು ನಡೆದಿದ್ದರೆ ‘ಆ ಹಬ್ಬ ನಮ್ಮನೆಗೆ ಆಗಿಬರಲ್ಲ’ ಎನ್ನುತ್ತಾರೆ, ಮೊಮ್ಮಕ್ಕಳ ಕಾಲಕ್ಕೂ ಆ ದಿನ ಒಬ್ಬಟ್ಟು ಬೇಯುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮವರು ನರಕ ಚತುರ್ದಶಿಯಂದು ಹತರಾದರೆಂದು ಮೇಲುಕೋಟೆಯ ಮಂಡಯಂ ಅಯ್ಯಂಗಾರರಲ್ಲಿ ದೀಪಾವಳಿ ಮಾಡದ ಕುಟುಂಬಗಳಿವೆ. ವರಮಹಾಲಕ್ಷ್ಮಿ ಕೂರಿಸದ ಮನೆ, ಗೌರಿ ತರದ ಮನೆ ಪ್ರತಿ ಬೀದಿಯಲ್ಲೂ ಸಿಗುತ್ತವೆ. ‘ನಮ್ಮಲ್ಲಿ ಪದ್ಧತಿ ಇಲ್ಲ’ ಎಂದು ಅವರು ಅರಿಶಿನ ಕುಂಕುಮಕ್ಕೆ ಮಾತ್ರ ಪಕ್ಕದ ಮನೆಗೆ ಹೋಗಿ ಬರುತ್ತಾರೆ.

ಇವುಗಳಲ್ಲೆಲ್ಲ ಕಾರಣ ಮೇಲಿನಿಂದ ಬಂದದ್ದು. ಸಾವು ಯಾರೂ ಬಯಸಿದ್ದಲ್ಲ, ಪದ್ಧತಿ ಹಿರಿಯರದು. ಹಬ್ಬ ಬಿಟ್ಟವರ ಮೇಲೆ ಜವಾಬ್ದಾರಿ ಬೀಳುವುದಿಲ್ಲ, ಹಬ್ಬ ಮಾಡುವವರಿಗೂ ಅವಮಾನವಾಗುವುದಿಲ್ಲ. ‘ನಾನು ಓದಿ, ಯೋಚಿಸಿ, ಇದು ಬೇಡವೆಂದು ತೀರ್ಮಾನಿಸಿದ್ದೇನೆ’ ಎನ್ನುವವನ ಮಾತು ಹಾಗಲ್ಲ. ಅದರೊಳಗೆ ‘ನೀವು ಮಾಡುವುದು ತಪ್ಪು’ ಎಂಬ ದನಿ ಕೇಳುವವರಿಗೆ ಕೇಳಿಸಿಬಿಡುತ್ತದೆ, ಅವನು ಹಾಗೆ ಹೇಳಿರದಿದ್ದರೂ. ನಿನ್ನೆಯವರೆಗೆ ಪಂಜಿನ ಮೆರವಣಿಗೆಯಲ್ಲಿದ್ದವನು ಇಂದು ಬಾಗಿಲು ಮುಚ್ಚಿ ಕೂತರೆ ಆ ದನಿ ಇನ್ನೂ ಜೋರು. ಹುಟ್ಟಾ ಮುಸ್ಲಿಂ ಕುಟುಂಬ ಊರಹಬ್ಬಕ್ಕೆ ಬಾರದಿದ್ದರೆ ಸುಮ್ಮನಿರುವ ಊರು, ಹೊಸದಾಗಿ ಪ್ರಾರ್ಥನಾ ಸಭೆಗೆ ಹೋಗತೊಡಗಿದ ಒಕ್ಕಲಿನ ಮನೆಯ ಮೇಲೆ ಹರಿಹಾಯುವುದು ಇದಕ್ಕೇ. ಮೇಲಿನಿಂದ ಬಂದ ಕಾರಣಕ್ಕೆ ವಿನಾಯಿತಿ ಇದೆ, ತಾನೇ ಆರಿಸಿಕೊಂಡ ಕಾರಣಕ್ಕೆ ಇಲ್ಲ. ಈ ಇಡೀ ತಕರಾರಿನ ಬೇರು ಇಲ್ಲಿದೆ ಎಂಬುದು ಈ ಲೇಖನದ ನಿಲುವು.

ಊರಗಡಿಯ ಕಟ್ಟಳೆ

ಊರಹಬ್ಬದ ವಿಷಯಕ್ಕೆ ಬಂದರೆ ತೊಡಕು ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಕ್ರಿಸ್ಮಸ್ಸೋ ರಂಜಾನೋ ನಂಬುವವರನ್ನು ಹುಡುಕಿಕೊಂಡು ಹೋಗುತ್ತದೆ. ಗ್ರಾಮದೇವತೆಯ ಹಬ್ಬ ಹಾಗಲ್ಲ, ಅದು ಊರಿನ ಎಲ್ಲೆಯನ್ನು ಹಿಡಿಯುತ್ತದೆ. ಎಲ್ಲೆಯೊಳಗೆ ಮನೆ ಇದ್ದರೆ ಹಬ್ಬದ ಕಟ್ಟಳೆಯೂ ಇದೆ.

ಮಲೆನಾಡಿನ ಸುಗ್ಗಿಹಬ್ಬವಾಗಲಿ ಬಯಲಿನ ಊರಹಬ್ಬವಾಗಲಿ, ಸಾರು ಹಾಕಿದ ಮೇಲೆ, ಅಂದರೆ ಹಬ್ಬವನ್ನು ಊರಿಗೆಲ್ಲ ಸಾರಿ ಹೇಳಿದ ಮೇಲೆ, ಹಬ್ಬ ಮುಗಿಯುವವರೆಗೆ ಹಲವು ಊರುಗಳಲ್ಲಿ ಹಸಿಮರ ಕಡಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಒಗ್ಗರಣೆ ಎಂಬುದು ಗುಟ್ಟಾಗಿ ಮಾಡುವ ಕೆಲಸವಲ್ಲ. ಸಾಸಿವೆ ಸಿಡಿದ ಘಮ ನಾಲ್ಕು ಮನೆಗೆ ಗೊತ್ತಾಗುತ್ತದೆ. ದೇವಿಯನ್ನು ನಂಬದ ಮನೆಯವರು ತಮ್ಮ ಅಡುಗೆಮನೆಯಲ್ಲಿ ಎಂದಿನಂತೆ ಅಡುಗೆ ಮಾಡಿಕೊಂಡರೆ ಅದು ಅವರ ಪಾಲಿಗೆ ಮಾಮೂಲಿ ದಿನ, ಊರಿನ ಪಾಲಿಗೆ ಕಟ್ಟು ಮುರಿದಂತೆ. ಆಮೇಲೆ ಮಳೆ ತಡವಾದರೂ ದನಕ್ಕೆ ರೋಗ ಬಂದರೂ ಬೊಟ್ಟು ತೋರಿಸಲು ಒಂದು ಮನೆ ಸಿಕ್ಕಂತಾಗುತ್ತದೆ.

ದುಡ್ಡಿನ ವಿಷಯವೂ ಇದೇ ತರ್ಕದ್ದು. ಊರೊಟ್ಟಿನ ಹಬ್ಬಕ್ಕೆ ಮನೆಗಿಷ್ಟು ಎಂದು ವರಿ ಹಾಕುತ್ತಾರೆ. ಯಜಮಾನರ ವಾದವನ್ನು ತಳ್ಳಿಹಾಕುವಂತಿಲ್ಲ. ವರಿಯ ಹಣದಲ್ಲಿ ದೇವಸ್ಥಾನದ ಬಣ್ಣ ಮಾತ್ರವಲ್ಲ, ಊಟ, ನಾಟಕದ ಸೀನರಿ, ಕೆಲವೆಡೆ ಕಲ್ಯಾಣಿಯ ಹೂಳು ತೆಗೆಸುವುದೂ ಆಗುತ್ತದೆ. ಒಂದು ಮನೆ ಬಿಟ್ಟರೆ ಮುಂದಿನ ವರ್ಷ ಹತ್ತು ಮನೆ ಬಿಡುತ್ತವೆ, ಆಗ ಊರೊಟ್ಟು ಎಂಬುದೇ ಉಳಿಯುವುದಿಲ್ಲ ಎಂಬುದು ಅವರ ಭಯ. ಕೆಲವು ಮನೆಗಳು ‘ಅನ್ನಸಂತರ್ಪಣೆಗೆ ಕೊಡುತ್ತೇವೆ, ಪೂಜೆಗೆ ಬೇಡ’ ಎಂದು ನಡುದಾರಿ ಹಿಡಿಯುತ್ತವೆ, ಯಜಮಾನರು ಹಟ ಮಾಡದಿದ್ದರೆ ಅಲ್ಲಿಗೆ ಮುಗಿಯುತ್ತದೆ. ಹಟ ಮಾಡಿದರೆ ಹಾಲಿನ ಡೈರಿ, ನೀರಿನ ಸರದಿ, ಕೂಲಿಗೆ ಕರೆಯುವುದು ಎಲ್ಲವೂ ಒತ್ತಡದ ದಾರಿಗಳಾಗುತ್ತವೆ.

ಆಗ ಕಾನೂನಿನ ರಕ್ಷಣೆ ಎಲ್ಲರಿಗೂ ಒಂದೇ ತೆರನಾಗಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವೆನ್ನುತ್ತದೆ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಒಂದೇ ಕೇರಿಯ ಎರಡು ಮನೆಗಳು ವರಿ ಕೊಡಲಿಲ್ಲವೆನ್ನಿ. ಬೌದ್ಧರಾದ ಮನೆಯವರು ಈ ಕಾಯ್ದೆಯಡಿ ದೂರು ಕೊಡಬಹುದು. ಕ್ರೈಸ್ತರಾದ ಮನೆಯವರಿಗೆ ಆ ಬಾಗಿಲು ಮುಚ್ಚಿದೆ. ಮಹಾರಾಷ್ಟ್ರ ಜಾತಿ ನೋಡದೆ ಎಲ್ಲ ಬಗೆಯ ಬಹಿಷ್ಕಾರಕ್ಕೂ ಅನ್ವಯಿಸುವ ಪ್ರತ್ಯೇಕ ಕಾನೂನನ್ನು 2016ರಲ್ಲಿ ಅಂಗೀಕರಿಸಿದ್ದು ಈ ಬಗೆಯ ತೂತು ಮುಚ್ಚಲು ನೆರವಾಗುತ್ತದೆ.

ಕೋರ್ಟಿನ ಎರಡು ತಕ್ಕಡಿ

ಹಬ್ಬಕ್ಕೆ ನೇರ ಸಂಬಂಧವಿಲ್ಲದ ಒಂದು ತೀರ್ಪು ಈ ಚರ್ಚೆಗೆ ಬುನಾದಿ. 1985ರ ಜುಲೈನಲ್ಲಿ ಕೇರಳದ ಕೊಟ್ಟಾಯಂ ಜಿಲ್ಲೆಯ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥದ ಮೂವರು ಒಡಹುಟ್ಟಿದವರನ್ನು ಹೊರಗೆ ಹಾಕಿತು. ಮಕ್ಕಳು 10, 9 ಮತ್ತು 5ನೇ ತರಗತಿಯಲ್ಲಿದ್ದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿದರು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಇದು ಪ್ರಸಿದ್ಧ. ಆ ನಂಬಿಕೆ ನಮ್ಮ ಬುದ್ಧಿಗೆ ಸರಿ ಕಾಣುತ್ತದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದು ಮುಖ್ಯ ಎಂದು ತೀರ್ಪು ಹೇಳಿತು. ಅಂದರೆ ಆರಿಸಿಕೊಂಡ ಕಾರಣಕ್ಕೇ ಅಲ್ಲಿ ಬೆಲೆ ಸಿಕ್ಕಿತು.

ಇನ್ನೊಂದು ತಕ್ಕಡಿ ಹಳೆಯದು, ಅದರ ಮೂಲ ನಮ್ಮ ಉಡುಪಿಯ ಶಿರೂರು ಮಠದ 1954ರ ಪ್ರಕರಣ. ಒಂದು ಆಚರಣೆ ಆ ಧರ್ಮಕ್ಕೆ ಅತ್ಯಗತ್ಯವೇ ಎಂದು ಅಳೆಯುವುದು ಅದರ ಬಗೆ. ಅತ್ಯಗತ್ಯವಾದರೆ ರಕ್ಷಣೆ ಬಲವಾಗಿರುತ್ತದೆ, ಅಲ್ಲವಾದರೆ ವಾದ ಸೋಲುತ್ತದೆ. ಕೊಪ್ಪ ತಾಲ್ಲೂಕಿನ ಬಾಳಗಡಿ ಸರ್ಕಾರಿ ಕಾಲೇಜಿನಲ್ಲೂ ಕೇಸರಿ ಶಾಲು ಕಾಣಿಸಿಕೊಂಡಿದ್ದ ಹಿಜಾಬ್ ವಿವಾದದಲ್ಲಿ ಹೈಕೋರ್ಟ್ 2022ರ ಮಾರ್ಚ್ 15ರಂದು ಬಳಸಿದ್ದು ಈ ತಕ್ಕಡಿಯನ್ನೇ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. ಸುಧಾಂಶು ಧೂಲಿಯಾ ಅವರು ಬಿಜೋ ಇಮ್ಯಾನುಯೆಲ್ ತೀರ್ಪಿನ ಕಡೆಗೆ ಹೋದರು, ಹೇಮಂತ್ ಗುಪ್ತಾ ಅವರು ಹೈಕೋರ್ಟನ್ನು ಎತ್ತಿಹಿಡಿದರು.

ಎರಡನೇ ತಕ್ಕಡಿಯಲ್ಲಿ ಹಬ್ಬ ಬಿಟ್ಟವರನ್ನು ತೂಗಿ ನೋಡಿ. ಗಣಪತಿ ಹಬ್ಬ ಮಾಡಬಾರದೆಂಬುದು ಲಿಂಗಾಯತರಿಗೆ ಅತ್ಯಗತ್ಯವೇ? ಹಬ್ಬ ಮಾಡುವ ಸಾವಿರಾರು ಲಿಂಗಾಯತ ಮನೆಗಳನ್ನು ತೋರಿಸಿ ಎದುರು ವಕೀಲರು ಗೆಲ್ಲಬಹುದು. ಕ್ರಿಸ್ಮಸ್ ಮಾಡದಿರುವುದು ಕ್ರೈಸ್ತ ಧರ್ಮದ ತಿರುಳೇ? ಬಹುಪಾಲು ಕ್ರೈಸ್ತರು ಮಾಡುತ್ತಾರಲ್ಲ. ಹೀಗೆ ತಮ್ಮವರೊಳಗೇ ಅಲ್ಪಸಂಖ್ಯಾತರಾದವರು ಸೋಲುತ್ತಾರೆ. ‘ನಿಮ್ಮಲ್ಲಿ ಪದ್ಧತಿ ಇದೆಯಲ್ಲ’ ಎಂದು ಊರಿನ ಯಜಮಾನರು ಕೇಳುವುದನ್ನೇ ಕೋರ್ಟು ಕಾನೂನಿನ ಭಾಷೆಯಲ್ಲಿ ಕೇಳಿದಂತಾಗುತ್ತದೆ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮದ ಹೆಸರು ಬರುವ ಮೊದಲೇ ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಂಬ ಮಾತಿದೆ, ಅದನ್ನು ಈ ತಕ್ಕಡಿ ಮೂಲೆಗೆ ತಳ್ಳುತ್ತದೆ. ಶಬರಿಮಲೆ ಪ್ರಕರಣದ ಜೊತೆ ಈ ಅತ್ಯಗತ್ಯತೆಯ ಮಾನದಂಡವೂ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಗಿರುವುದರಿಂದ ಅಲ್ಲಿನ ತೀರ್ಮಾನ ನಮ್ಮ ಹಳ್ಳಿಯ ವರಿಗೂ ತಟ್ಟಬಹುದು.

ಶಾಲೆಯಲ್ಲಿ ‘ಸಂಸ್ಕೃತಿ’ ಎಂದ ಕೂಡಲೇ

ಮಕ್ಕಳ ವಿಷಯದಲ್ಲಿ ಸಂವಿಧಾನ ಮೇಲ್ನೋಟಕ್ಕೆ ಸ್ಪಷ್ಟವಾಗಿದೆ. 28ನೇ ವಿಧಿಯ ಮೂರನೇ ಉಪವಿಧಿಯಂತೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಯನ್ನು ಧಾರ್ಮಿಕ ಬೋಧನೆಗೂ ಪೂಜೆಗೂ ಹಾಜರಾಗುವಂತೆ ಮಾಡಲಾಗದು. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಇದು ಸರ್ಕಾರಿ ಶಾಲೆಯ ಸರಸ್ವತಿ ಪೂಜೆಗೂ ಅನ್ವಯ, ಮಿಷನರಿ ಶಾಲೆಯ ಕ್ರಿಸ್ಮಸ್ ಪ್ರಾರ್ಥನೆಗೂ ಅನ್ವಯ.

ಆದರೆ ವಿಧಿ ಕಾಪಾಡುವುದು ಬೋಧನೆ ಮತ್ತು ಪೂಜೆ ಎಂಬ ಎರಡರಿಂದ ಮಾತ್ರ. ಶಾಲೆ ‘ಇದು ಪೂಜೆಯಲ್ಲ, ಸಂಸ್ಕೃತಿ’ ಎಂದುಬಿಟ್ಟರೆ ವಿಧಿಯ ಹಿಡಿತ ಸಡಿಲವಾಗುತ್ತದೆ. 2002ರ ಅರುಣಾ ರಾಯ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಧರ್ಮಗಳ ಬಗ್ಗೆ ಕಲಿಸುವುದು ಬೇರೆ, ಧಾರ್ಮಿಕ ಬೋಧನೆ ಬೇರೆ ಎಂದು ಗೆರೆ ಎಳೆದಿದೆ. ಗೆರೆ ನ್ಯಾಯವಾದದ್ದೇ, ಆದರೆ ಅದರ ಯಾವ ಕಡೆ ನಿಂತಿದ್ದೇವೆ ಎಂದು ಹೇಳುವವರು ಮುಖ್ಯೋಪಾಧ್ಯಾಯರೇ ಆಗಿಬಿಡುತ್ತಾರೆ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಸಂಸ್ಕೃತ ಪ್ರಾರ್ಥನೆ ಧಾರ್ಮಿಕವೋ ಅಲ್ಲವೋ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಅಷ್ಟು ದೊಡ್ಡ ಪೀಠಕ್ಕೇ ಹೋಗಬೇಕಾದ ಪ್ರಶ್ನೆಯನ್ನು ನಮ್ಮ ಹಳ್ಳಿಶಾಲೆಯ ಮೇಷ್ಟ್ರು ಪ್ರತಿ ಶುಕ್ರವಾರ ತೆಂಗಿನಕಾಯಿ ಒಡೆಯುವ ಮುಂಚೆ ಬಗೆಹರಿಸಬೇಕಾಗಿದೆ.

ದಸರಾ ವಿವಾದದ ವಾದ ಇಲ್ಲಿಗೆ ಬಂದು ತಾಗುತ್ತದೆ. ನಾಡಹಬ್ಬ ಎಂಬ ಮಾತು ಬಾನು ಮುಷ್ತಾಕ್ ಅವರಿಗೆ ಬಾಗಿಲು ತೆರೆಯಿತು, ಒಳ್ಳೆಯದೇ ಆಯಿತು. ಆದರೆ ಅದೇ ಮಾತನ್ನು ಶಾಲೆಯ ಪೂಜೆಗೆ ಹೊಂದಿಸಿದರೆ, ಹೊರಗೆ ನಿಲ್ಲುವ ಮಗುವಿನ ಧಾರ್ಮಿಕ ಕಾರಣಕ್ಕೆ ಕಾಲೂರಲು ಜಾಗವಿರುವುದಿಲ್ಲ. ಧರ್ಮವೇ ಇಲ್ಲದ ಕಡೆ ಧರ್ಮದ ಕಾರಣ ಯಾಕೆ ಎಂದು ಕೇಳುತ್ತಾರೆ. ಬರುವವರಿಗೆ ಅನುಕೂಲವಾದ ವಾದ ಬಾರದವರಿಗೆ ಮುಳುವಾಗದಂತೆ ಕೋರ್ಟುಗಳು ಮುಂದೆ ಎಚ್ಚರ ವಹಿಸಬೇಕಾಗುತ್ತದೆ.

ಒಪ್ಪಿಗೆ ಕೇಳುವುದರಲ್ಲೂ ತಾರತಮ್ಯ ನುಸುಳಬಹುದು. 2023ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯ ಶಿಕ್ಷಣಾಧಿಕಾರಿ ಮಕ್ಕಳಿಗೆ ಸಾಂತಾ ವೇಷ ಹಾಕಿಸಲು ಪೋಷಕರ ಅನುಮತಿ ಬೇಕೆಂದು ಆದೇಶಿಸಿದರು. ತತ್ವದಲ್ಲಿ ಅದು ತಪ್ಪಲ್ಲ. ಕೃಷ್ಣ ಜನ್ಮಾಷ್ಟಮಿಯ ಕೃಷ್ಣವೇಷಕ್ಕೂ ಅದೇ ಚೀಟಿ ಬೇಕಲ್ಲವೇ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮಾತ್ರ ಅದು ಒಪ್ಪಿಗೆಯ ನಿಯಮವಾಗದೆ ಒಂದು ಹಬ್ಬದ ಮೇಲಿನ ಅಂಕುಶವಾಗುತ್ತದೆ.

ಡಿಪೊದ ಆಯುಧಪೂಜೆ

ದೊಡ್ಡವರ ಕೆಲಸದ ಜಾಗದಲ್ಲಿ ಜಗಳ ಕಡಿಮೆ, ಇರುಸುಮುರುಸು ಹೆಚ್ಚು. ಕೆಎಸ್ಆರ್‌ಟಿಸಿ ಆಯುಧಪೂಜೆಗೆ ಪ್ರತಿ ಬಸ್ಸಿಗೆ ಕೊಡುತ್ತಿದ್ದ 100 ರೂಪಾಯಿಯನ್ನು 2024ರಲ್ಲಿ 250ಕ್ಕೆ ಏರಿಸಿತು. ಬಸ್ಸಿಗೆ ಬಾಳೆಕಂದು, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು. ಆ ದಿನ ಡ್ಯೂಟಿಯಲ್ಲಿರುವ ಚಾಲಕ ಬೇರೆ ಧರ್ಮದವರಾದರೆ ಸಾಮಾನ್ಯವಾಗಿ ಕಂಡಕ್ಟರೋ ಮೆಕ್ಯಾನಿಕ್ಕೋ ಪೂಜೆ ಮುಗಿಸುತ್ತಾರೆ, ಚಾಲಕರು ಪಕ್ಕದಲ್ಲಿ ನಿಂತು ಪುರಿ, ಸಿಹಿ ಹಂಚಲು ಕೈ ಜೋಡಿಸುತ್ತಾರೆ. ಯಾರೂ ಬರೆದಿಟ್ಟ ನಿಯಮ ಅದಲ್ಲ. ಬರೆಯಲು ಹೊರಟರೆ ಕೆಡಬಹುದೆಂಬ ಭಯ ಎರಡೂ ಕಡೆಗಿದೆ, ಆ ಭಯ ತೀರಾ ಆಧಾರವಿಲ್ಲದ್ದೂ ಅಲ್ಲ.

ಬೇಲೂರು ಇದಕ್ಕೆ ಸಾಕ್ಷಿ. ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನಿನ ಸಾಲು ಪಠಿಸಿ ವಂದಿಸುವ ರೂಢಿ ಬಹುಕಾಲ ಸದ್ದಿಲ್ಲದೆ ನಡೆದುಬಂದಿತ್ತು. 2022ರಲ್ಲಿ ಅದು ಸರಿಯೇ ತಪ್ಪೇ ಎಂದು ತಕರಾರು ಎದ್ದಿತು, ಆ ವರ್ಷ ಪಠಣ ನಡೆದರೂ ರೂಢಿ ಅಲ್ಲಿಂದಾಚೆಗೆ ವಿವಾದದ ವಸ್ತುವಾಯಿತು. ಹೀಗೆ ಕೂಡುವಿಕೆಯನ್ನು ಪ್ರಶ್ನಿಸಿದಾಗ ಬಿಟ್ಟಿರುವವರ ಮೇಲೂ ಕಣ್ಣು ಬೀಳುತ್ತದೆ. ಯಾರು ಎಲ್ಲಿದ್ದಾರೆ ಎಂದು ಎಣಿಸಲು ಶುರುವಾದ ಮೇಲೆ ಪಕ್ಕಕ್ಕೆ ನಿಲ್ಲುವುದಕ್ಕೂ ಅರ್ಥ ಹಚ್ಚುತ್ತಾರೆ.

ಮುಂದೆ ಆಗಬಹುದಾದದ್ದು

ಶಾಲೆಗಳ ಮಟ್ಟಿಗೆ ಹೇಳುವುದಾದರೆ, ತಕರಾರಿನ ಕಿರಿಕಿರಿ ಬೇಡವೆಂದು ಆಡಳಿತ ಮಂಡಳಿಗಳು ಎಲ್ಲ ಹಬ್ಬಗಳನ್ನೂ ಕೈಬಿಡುವ ಸಾಧ್ಯತೆ ಇದೆ. ಅದರಿಂದ ಹಬ್ಬ ಬೇಡವೆಂದ ಮಗುವಿಗೆ ಲಾಭವಿಲ್ಲ. ‘ನಿನ್ನಿಂದ ನಮಗೂ ಇಲ್ಲವಾಯಿತು’ ಎಂಬ ಮಾತನ್ನು ಅದೇ ಕೇಳಬೇಕಾಗುತ್ತದೆ. ಸೇರಿಸಿಕೊಳ್ಳುವಾಗಲೇ ಅರ್ಜಿಯಲ್ಲಿ ಎಲ್ಲ ಧರ್ಮದ ಪೂಜೆ, ಪ್ರಾರ್ಥನೆಗಳಿಗೂ ಸೇರಿ ಒಂದು ಒಪ್ಪಿಗೆಯ ಸಾಲು ಇಟ್ಟರೆ, ಪ್ರತಿ ಹಬ್ಬಕ್ಕೂ ಮಗುವನ್ನು ಎಬ್ಬಿಸಿ ನಿಲ್ಲಿಸಿ ಕೇಳುವುದು ತಪ್ಪುತ್ತದೆ. 28ನೇ ವಿಧಿ ಕೇಳುವುದೂ ಅಷ್ಟನ್ನೇ. ಹಾಗೆ ಬಿಟ್ಟ ಮಗು ಆ ಹೊತ್ತಿನಲ್ಲಿ ಎಲ್ಲಿ ಕೂರಬೇಕು, ಲೈಬ್ರರಿಯಲ್ಲೋ ವರಾಂಡದಲ್ಲೋ ಎಂಬುದನ್ನೂ ಶಾಲೆ ಮೊದಲೇ ಯೋಚಿಸಿರಬೇಕು. ಅವಮಾನ ಆಗುವುದು ಹೆಚ್ಚಾಗಿ ಅಲ್ಲೇ.

ಪಟ್ಟಣಗಳಲ್ಲಿ ಒತ್ತಡ ತಾನಾಗಿ ಕಡಿಮೆಯಾಗುತ್ತಿದೆ. ಹಾಸನದ ಹೊಸ ಬಡಾವಣೆಯಲ್ಲಿ ಗಣಪತಿ ಕೂರಿಸುವ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದಾಗ ಗೇಟು ತೆರೆಯದಿದ್ದರೆ ಗೊಣಗಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಹಳ್ಳಿಯಲ್ಲಿ ಆ ಅನುಕೂಲವಿಲ್ಲ. ಹಬ್ಬ ಬಿಟ್ಟ ಕುಟುಂಬ ಜಗಳ ತಾಳದೆ ಜಮೀನು ಗುತ್ತಿಗೆಗೆ ಕೊಟ್ಟು ಪೇಟೆ ಸೇರಿದರೆ ಊರಿನ ಲೆಕ್ಕದಲ್ಲಿ ಸಮಸ್ಯೆ ಬಗೆಹರಿದಂತೆ ಕಾಣುತ್ತದೆ, ಯಾವ ಪೊಲೀಸ್ ಠಾಣೆಯಲ್ಲೂ ಅದು ದಾಖಲಾಗುವುದಿಲ್ಲ. ವರಿಯಲ್ಲಿ ಪೂಜೆಯ ಬಾಬ್ತು, ಊಟ ಮತ್ತು ಕೆರೆಕಟ್ಟೆಯ ಬಾಬ್ತು ಎಂದು ಎರಡು ರಸೀದಿ ಮಾಡಿದರೆ ಬಹಳಷ್ಟು ಮನೆಗಳ ತಕರಾರು ಅಲ್ಲಿಗೇ ತೀರುತ್ತದೆ. ಊಟದ ರಸೀದಿಯನ್ನೂ ಬೇಡವೆನ್ನುವ ಕೆಲವರು ಆಗಲೂ ಇರುತ್ತಾರೆ. ಅವರ ಹಾಲನ್ನು ಡೈರಿಯಲ್ಲಿ ಅಳೆದುಕೊಳ್ಳುತ್ತಾರೋ ಇಲ್ಲವೋ ಎಂಬುದಷ್ಟನ್ನು ಮಾತ್ರ ಕಾನೂನು ನೋಡಬೇಕು, ಅವರು ಯಾಕೆ ಬೇಡವೆಂದರು ಎಂಬುದನ್ನಲ್ಲ.